ರುಚಿ ಹೇಳುವವನ ಊಟ

ಕಾರಿನಿಂದ ಇಳಿಯುತ್ತಿದ್ದ ಹಾಗೆಯೇ ಸೊರಾಯ್ದ ಮೂಗರಳಿಸಿ, "ಬೆಳ್ಳುಳ್ಳಿ. ಬೆಳ್ಳುಳ್ಳಿ ಮೇಲೆ ಹುಳಿಕಿತ್ತಳೆ ಹಿಂಡಿದಾರೆ. ಬರ್ತಿದೆಯಾ ನಿನಗೆ?" ಎಂದಳು. "ಆಹಾ," ಎಂದ ಎವೆಲಿಯೊ. ಗಂಟೆ ಒತ್ತಿದರೆ ಒಳಗೆಲ್ಲೋ ಸದ್ದಾಗುವ ಹಾಗೆ ಈ ಆಹಾ ಈಚೆಗೆ ತಾನೇ ತಾನಾಗಿ ಹೊರಬೀಳುತ್ತಿತ್ತು. ಅವನ ಮೂಗಿಗೆ ಬಂದದ್ದು ಬರೀ ಗಾಳಿ. ಮಯಾಮಿಯ ಪಕ್ಕದ ಹಯಲೀಯದ ಮಧ್ಯಾಹ್ನದ ಗಾಳಿ, ಒದ್ದೆ ಟವಲಿನಂತೆ ಮುಖಕ್ಕೆ ಅಂಟಿಕೊಳ್ಳುವಂಥದ್ದು. ಅದರಲ್ಲಿ ಬೆಳ್ಳುಳ್ಳಿಯೂ ಇರಲಿಲ್ಲ, ಪಕ್ಕದ ಲಾಂಡ್ರಿಯ ಸೋಪೂ ಇರಲಿಲ್ಲ, ಪೆಟ್ರೋಲೂ ಇರಲಿಲ್ಲ. ಒಂದು ಚಳಿಗಾಲದಲ್ಲಿ ಬಂದ ಜ್ವರ ಇಳಿದ ಮರುದಿನ ಬೆಳಿಗ್ಗೆ ಸೊರಾಯ್ದ ಹಾಸಿಗೆಗೇ ತಂದುಕೊಟ್ಟ ಕಾಫಿಯನ್ನು ಬಾಯಿಗಿಟ್ಟಾಗ ಅವನು ಮೊದಲು ಯೋಚಿಸಿದ್ದು, ಪಾಪ, ಇವಳು ಗಾಬರಿಯಲ್ಲಿ ಪುಡಿ ಹಾಕುವುದನ್ನೇ ಮರೆತು ಬಿಸಿನೀರು ತಂದಿದ್ದಾಳೆ ಎಂದು. ಬಗ್ಗಿ ನೋಡಿದರೆ ಲೋಟದಲ್ಲಿ ಕಪ್ಪಗೆ, ನೊರೆನೊರೆಯಾಗಿ, ಅವನು ಜನ್ಮವೆಲ್ಲ ಕುಡಿಯುತ್ತ ಬಂದ ಕಾಫಿಯೇ ಇತ್ತು. ಅವಳು ಅವನ ಹಣೆಯ ಮೇಲೆ ಕೈಯಿಟ್ಟು ನಿಂತಿದ್ದಳು. ನಿದ್ದೆಗೆಟ್ಟು ಊದಿಕೊಂಡ ಕಣ್ಣು. "ಇಷ್ಟು ಒಳ್ಳೆ ಕಾಫಿ ನೀನು ಯಾವತ್ತೂ ಮಾಡಿಲ್ಲ," ಎಂದುಬಿಟ್ಟ. ಅಲ್ಲಿಂದ ಶುರು.

ಅದಕ್ಕೆ ಮುಂಚೆ ಅವನು ಮನೆಯ ಊಟವನ್ನು ಹೊಗಳಿದವನೇ ಅಲ್ಲ. ಹೊಗಳುವುದು ಅವನ ಕಸುಬು. ಸೋಮವಾರ ಬೆಳಿಗ್ಗೆ ರೇಡಿಯೋದಲ್ಲಿ ಕೂತು, ಮಯಾಮಿಯ ಯಾವುದಾದರೊಂದು ಕ್ಯೂಬನ್ ಊಟದಂಗಡಿಯಲ್ಲಿ ತಾನು ಉಂಡದ್ದನ್ನು, ಕೇಳುವವರ ಬಾಯಲ್ಲಿ ನೀರೂ ಕಣ್ಣಲ್ಲಿ ನೀರೂ ಒಟ್ಟೊಟ್ಟಿಗೆ ಬರುವ ಹಾಗೆ ಹೇಳುವುದು. ಕಸುಬನ್ನು ಮನೆಗೆ ತರುವವರುಂಟೇ? ಮನೆಯಲ್ಲಿ ತಟ್ಟೆಯ ಮುಂದೆ ಕೂತರೆ ಅವನು, ಅನ್ನ ಬೆಂದದ್ದು ಹೆಚ್ಚಾಯಿತು, ಕೋಳಿಗೆ ನಿಂಬೆ ಹಿಡಿದಿಲ್ಲ, ಎನ್ನುತ್ತ ತುತ್ತು ತುತ್ತಿಗೂ ತೀರ್ಪು ಕೊಡುತ್ತಿದ್ದ. ಮದುವೆಯಾದಂದಿನಿಂದ ಹೀಗೇ ನಡೆದುಕೊಂಡು ಬಂದಿತ್ತು. ಜ್ವರ ಬಿಟ್ಟ ಮೇಲೆ ಮಾತ್ರ ಯಾವುದರಲ್ಲಿ ತಪ್ಪು ಹುಡುಕಬೇಕೆಂದೇ ತಿಳಿಯದೆ ಎಲ್ಲವನ್ನೂ ಹೊಗಳತೊಡಗಿದ. ಸೊರಾಯ್ದ ಮೊದಮೊದಲು ಅನುಮಾನಪಟ್ಟಳು, ಆಮೇಲೆ ನಾಚಿದಳು, ಆಮೇಲೆ ಕೂದಲಿಗೆ ಬಣ್ಣ ಹಾಕಿಸಿಕೊಂಡು ಬಂದಳು. ಅಡುಗೆಮನೆಯಲ್ಲಿ ಹಾಡುವುದು ಕೇಳಿಸತೊಡಗಿತು. "ಸಾವನ್ನ ಹತ್ತಿರದಿಂದ ನೋಡಿ ಬಂದೋನಿಗೆ ಹೆಂಡತಿ ಬೆಲೆ ಗೊತ್ತಾಯ್ತು," ಎಂದು ಟ್ಯಾಂಪಾದಲ್ಲಿರುವ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದುದನ್ನು ಅವನು ಬಚ್ಚಲುಮನೆಯಿಂದ, ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡು, ಅದು ಪೇಸ್ಟೋ ಸುಣ್ಣವೋ ತಿಳಿಯದೆ, ಕೇಳಿಸಿಕೊಂಡಿದ್ದ. ಇನ್ನು ನಿಜ ಹೇಳುವುದೆಂದರೆ ಆ ಹಾಡನ್ನು ನಿಲ್ಲಿಸುವುದೆಂದೇ ಅರ್ಥ. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಅವಳು ಹಂದಿಮಾಂಸ ಹುರಿದಳು.

"ಏ ಮುದುಕ, ಬಾಗಿಲಲ್ಲೇ ನಿಂತ್ಕೊಂಡು ಪ್ರಾರ್ಥನೆ ಮಾಡ್ತಿದೀಯಾ? ಒಳಗೆ ನಡಿ," ಎಂದು ಸೊರಾಯ್ದ ಬೆನ್ನಿಗೆ ತಿವಿದಳು.

ಹೊಸದಾಗಿ ತೆರೆದ ಅಂಗಡಿ. ಲಾಂಡ್ರಿಗೂ ಹಲ್ಲಿನ ಡಾಕ್ಟರ ಕೋಣೆಗೂ ನಡುವೆ ಒತ್ತರಿಸಿಕೊಂಡಂತೆ ಇತ್ತು. ಪ್ಲಾಸ್ಟಿಕ್ ಹೊದಿಸಿದ ಮೇಜುಗಳು, ಗೋಡೆಯ ಮೇಲೆ ಹುಂಜದ ಚಿತ್ರ, ತಿರುಗುವಾಗ ಒಂದೊಂದು ಸುತ್ತಿಗೂ ಮುಲುಗುವ ಫ್ಯಾನು. ಅರ್ಧ ಮೇಜುಗಳು ಖಾಲಿ. ಇಂಥ ಖಾಲಿ ಮೇಜುಗಳನ್ನು ಕಂಡರೆ ಎವೆಲಿಯೊ ಕಣ್ಣು ತಪ್ಪಿಸುತ್ತಿದ್ದ, ಏಕೆಂದರೆ ಅವು ತನಗಾಗಿಯೇ ಕಾಯುತ್ತಿವೆ, ಸೋಮವಾರ ತಾನು ಬಾಯಿಬಿಟ್ಟರೆ ತುಂಬುತ್ತವೆ, ಬಿಡದಿದ್ದರೆ ಒಂದು ದಿನ ತಲೆಕೆಳಗಾಗಿ ಒಂದರ ಮೇಲೊಂದು ಕೂತು ಲಾರಿ ಹತ್ತುತ್ತವೆ ಎಂದು ಅವನಿಗೆ ಗೊತ್ತಿತ್ತು. ಸದ್ದಿಲ್ಲದೆ ಒಂದು ಮೂಲೆ ಹಿಡಿದು ಕೂತ. ಕೂತವನು, "ಮೊದಲು ನೀರು ಕೊಡಿ," ಎಂದದ್ದೇ ತಪ್ಪಾಯಿತು. ಗಲ್ಲಾದ ಹತ್ತಿರ ನಿಂತಿದ್ದ ಹೆಂಗಸು ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಕೆಳಗೆ ಬಿಟ್ಟಳು.

"ಈ ಗಂಟಲು ನನಗೆ ಗೊತ್ತು. ನೀವು ಡೊನ್ ಎವೆಲಿಯೊ ಬಕಾಯಾವ್ ಅಲ್ವಾ?" ಎಂದು ಹತ್ತಿರ ಬಂದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಸ್ವಲ್ಪ ಇಳಿಯಿತು. "ರೇಡಿಯೋದಲ್ಲಿ ನೀವು ದಪ್ಪ ಇದ್ರಿ," ಎಂದಳು.

"ರೇಡಿಯೋದಲ್ಲಿ ಇವರಿಗೆ ಕೂದಲೂ ಇದೆ," ಎಂದಳು ಸೊರಾಯ್ದ.

ಅಂಗಡಿ ಅವಳದೇ, ಹೆಸರು ಇದಾಲ್ಮಿಸ್. ಕ್ಯೂಬಾದ ಕಮಗ್ವೇ ಕಡೆಯವಳು, ದ್ವೀಪ ಬಿಟ್ಟು ಬಂದು ಬಹಳ ದಿನವಾಗಿಲ್ಲವೆಂಬುದು ಮಾತಿನಲ್ಲೇ ತಿಳಿಯುತ್ತಿತ್ತು. ಅಡುಗೆ ಮಾಡುವವನು ಗಂಡ ರೊಸೆಂದೊ. ಅವನನ್ನು ಕರೆದಾಗ ಅಡುಗೆಮನೆಯ ಬಾಗಿಲಿನಿಂದ ಒಂದು ತಲೆ ಹೊರಬಂದು, ಎವೆಲಿಯೊನನ್ನು ಕಂಡು, ಪೊಲೀಸನ್ನು ಕಂಡಂತೆ ಒಳಸರಿಯಿತು. "ಅವರಿಗೆ ಕೈ ನಡುಗ್ತಿದೆ," ಎಂದಳು ಇದಾಲ್ಮಿಸ್. "ಪ್ರತಿ ಸೋಮವಾರ ನಿಮ್ಮ ಮಾತು ಕೇಳ್ತಾ ಈರುಳ್ಳಿ ಹೆಚ್ತಾರೆ. ಅತ್ತರೆ ಈರುಳ್ಳಿ ಮೇಲೆ ಹಾಕ್ತಾರೆ." ಏನು ತರಲಿ ಎಂದು ಅವಳು ಕೇಳಲಿಲ್ಲ. ಎಲ್ಲವನ್ನೂ ತಂದಳು.

ಎಳೆಎಳೆಯಾಗಿ ಬಿಡಿಸಿ ಟೊಮೆಟೊ ಹಾಕಿ ಬೇಯಿಸಿದ ದನದ ಮಾಂಸ ಬಂತು. ಅದಕ್ಕೆ ಅವರ ಭಾಷೆಯಲ್ಲಿ ಹಳೇಬಟ್ಟೆ ಎಂದೇ ಹೆಸರು. ಇಡೀ ಮಯಾಮಿಯಲ್ಲಿ ಆ ಹೆಸರಿನ ಸತ್ಯ ತಿಳಿದವನು ತಾನೊಬ್ಬನೇ ಎಂದು ಎವೆಲಿಯೊ ಅಗಿಯುತ್ತ ಯೋಚಿಸಿದ. ಒಗೆದು ಹಿಂಡಿದ, ಇನ್ನೂ ಒಣಗದ, ಬೆಚ್ಚಗಿನ ಹಳೇಬಟ್ಟೆ. ಬೇಯಿಸಿದ ಮರಗೆಣಸು ಬಾಯಲ್ಲಿ ಮೇಣದಬತ್ತಿಯಾಯಿತು. ಕಪ್ಪು ಬೀನ್ಸಿನ ಸಾರು ಬಿಸಿಯಾದ ಕೆಸರು. ಆದರೆ ಅವನು ಅಗಿಯುವಾಗ ನೋಡುತ್ತಿದ್ದುದು ತಟ್ಟೆಯನ್ನಲ್ಲ, ಹೆಂಡತಿಯ ಎಡಹುಬ್ಬನ್ನು. ರುಚಿಯಾಗಿದ್ದರೆ ಆ ಹುಬ್ಬು ಮೆಲ್ಲಗೆ ಮೇಲೇರಿ ಅಲ್ಲೇ ಸ್ವಲ್ಪ ಹೊತ್ತು ತಂಗುತ್ತಿತ್ತು. ಉಪ್ಪೋ ಹುಳಿಯೋ ಹೆಚ್ಚಾದರೆ ಒಮ್ಮೆ ಹಾರಿ ಬೀಳುತ್ತಿತ್ತು. ಸಪ್ಪೆಯಾದರೆ ಕದಲುತ್ತಲೇ ಇರಲಿಲ್ಲ. ಜ್ವರದ ನಂತರದ ಅವನ ಎಲ್ಲ ಸೋಮವಾರಗಳೂ ಆ ಹುಬ್ಬಿನ ಮೇಲೆ ನಿಂತಿದ್ದವು. ಎಲ್ಲಿಗೆ ಹೋದರೂ ಅವಳನ್ನು ಕರೆದುಕೊಂಡು ಹೋಗುತ್ತಿದ್ದ, ಮೊದಲ ತುತ್ತು ಅವಳಿಗೇ ಬಿಡುತ್ತಿದ್ದ. ಹೆಂಗಸರೆಂದರೆ ಎಷ್ಟು ಮರ್ಯಾದೆ ನೋಡಿ ಎಂದು ಅಂಗಡಿಯವರು ಅನ್ನುತ್ತಿದ್ದರು, ಸೊರಾಯ್ದಳೂ ಹಾಗೆಯೇ ತಿಳಿದಿದ್ದಳು. ಈಗ ಹುಬ್ಬು ಏರಿತು, ತಂಗಿತು. ಎವೆಲಿಯೊ ಚಮಚ ಕೆಳಗಿಟ್ಟ, ಕಣ್ಣು ಮುಚ್ಚಿದ. "ಸಿಯೆನ್‌ಫ್ವೇಗೊಸ್," ಎಂದ.

ಇದು ಅವನ ಪದ್ಧತಿ. ತುತ್ತು ಬಾಯಿಗಿಟ್ಟು ದ್ವೀಪದ ಒಂದು ಊರಿನ ಹೆಸರು ಹೇಳುವುದು, ಅಷ್ಟೆ. ಆ ಹೆಸರು ಕೇಳಿ ಅಡುಗೆಯವರು ಏಪ್ರನ್ನಿಗೆ ಕಣ್ಣೊರೆಸಿಕೊಂಡದ್ದುಂಟು. ತಾನು ದ್ವೀಪ ಬಿಟ್ಟಾಗ ತನ್ನ ಹಾಲುಹಲ್ಲು ಕೂಡ ಬಿದ್ದಿರಲಿಲ್ಲವೆಂಬುದನ್ನೂ, ಆ ಊರುಗಳಲ್ಲಿ ಹೆಚ್ಚಿನವನ್ನು ತಾನು ಬಲ್ಲದ್ದು ಅಪ್ಪನ ಗೋಡೆಯ ಭೂಪಟದಿಂದ ಎಂಬುದನ್ನೂ ಅವನು ಯಾರಿಗೂ ಹೇಳಿರಲಿಲ್ಲ. ನಾಲಿಗೆ ಬದುಕಿದ್ದಾಗಲೇ ಅರ್ಧ ಸುಳ್ಳಾಗಿದ್ದ ಕಸುಬು ಅದು, ಈಗ ಪೂರ್ತಿ ಆಗಿದೆ, ವ್ಯತ್ಯಾಸ ಅಷ್ಟೇ, ಎಂದು ಕೆಲವು ಬೆಳಿಗ್ಗೆ ಸಮಾಧಾನ ಮಾಡಿಕೊಳ್ಳುತ್ತಿದ್ದ. ಆ ಸಮಾಧಾನಕ್ಕೂ ರುಚಿಯಿರುತ್ತಿರಲಿಲ್ಲ.

ಪಕ್ಕದ ಮೇಜಿನಲ್ಲಿ ಗರಿಗರಿ ಅಂಗಿ ತೊಟ್ಟ ಮುದುಕರೊಬ್ಬರು ಅಷ್ಟು ಹೊತ್ತಿನಿಂದ ಇತ್ತಲೇ ಕಿವಿಯಿಟ್ಟು ಕೂತಿದ್ದವರು, ಕುರ್ಚಿಯನ್ನು ಪೂರ್ತಿ ಇತ್ತ ತಿರುಗಿಸಿಕೊಂಡು ತಮ್ಮ ಹೆಸರು ಪ್ರಿಮಿತಿವೊ ಎಂದು ಹೇಳಿಕೊಂಡರು. "ನೀವು ಅವತ್ತು ಬಾಳೆಹಣ್ಣು ಕರಿಯೋ ಸದ್ದಿನ ಬಗ್ಗೆ ಹೇಳಿದ್ರಲ್ಲ, ನಮ್ಮನೆಯವಳು ರೇಡಿಯೋಗೆ ಮುತ್ತು ಕೊಟ್ಟಳು. ನನಗೆ ಕೊಟ್ಟು ಯಾವ ಕಾಲ ಆಯ್ತೋ," ಎಂದರು. ಎಲ್ಲರೂ ನಕ್ಕರು. ಆ ಹೊತ್ತಿಗೆ ಸರಿಯಾಗಿ ಸೊರಾಯ್ದಳ ಫೋನು ಬಡಿದುಕೊಂಡಿತು. ತಂಗಿ. ಫ್ಯಾನಿನ ಮುಲುಗಾಟದಲ್ಲಿ ಕೇಳಿಸದೆ, "ಇರೇ, ಹೊರಗೆ ಬರ್ತೀನಿ," ಎನ್ನುತ್ತ ಎದ್ದು ಹೋದಳು. ಗಾಜಿನಾಚೆ ಬಿಸಿಲಲ್ಲಿ ಅತ್ತಿಂದಿತ್ತ ನಡೆಯುತ್ತ ಕೈಯಾಡಿಸುತ್ತ ಅವಳು ಮಾತಾಡುವುದು ಕಾಣುತ್ತಿತ್ತು. ಹುಬ್ಬು ಮಾತ್ರ ಅಷ್ಟು ದೂರದಿಂದ ಕಾಣುತ್ತಿರಲಿಲ್ಲ, ಕಂಡಿದ್ದರೂ ಉಪಯೋಗವಿರಲಿಲ್ಲ, ಏಕೆಂದರೆ ಅಷ್ಟರಲ್ಲಿ ಇದಾಲ್ಮಿಸ್ ಎರಡೂ ಕೈಯಲ್ಲಿ ಹಿಡಿದುಕೊಂಡು ಒಂದು ಬಟ್ಟಲು ತಂದು ಅವನ ಮುಂದಿಟ್ಟಳು. ಅಕ್ಕಿಯ ಪಾಯಸ. ಹಾಲಿನಲ್ಲಿ ಬೆಂದು ಮೊಸರಿನ ಹಾಗೆ ಗಟ್ಟಿಯಾದದ್ದು, ಮೇಲೆ ಕಂದು ಪುಡಿ ಉದುರಿಸಿದ್ದು.

"ನಮ್ಮತ್ತೆ ಹೇಳಿಕೊಟ್ಟಿದ್ದು," ಎಂದಳು. ಅಡುಗೆಮನೆಯ ಬಾಗಿಲಲ್ಲಿ ರೊಸೆಂದೊ ಬಂದು ನಿಂತಿದ್ದ, ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು.

ಕಾಯೋಣ, ಅವಳು ಬರಲಿ, ಎನ್ನಬಹುದಿತ್ತು. ಆದರೆ ಪ್ರಿಮಿತಿವೊ ತಮ್ಮ ಫೋರ್ಕನ್ನು ಕೆಳಗಿಟ್ಟಿದ್ದರು, ಅವರಾಚೆಯ ಮೇಜಿನ ಗಂಡ ಹೆಂಡತಿ ಅಗಿಯುವುದನ್ನು ನಿಲ್ಲಿಸಿದ್ದರು, ಆ ಗಂಡನ ಕೆನ್ನೆ ತುತ್ತಿನಿಂದ ಉಬ್ಬಿಯೇ ಇತ್ತು. ಇಷ್ಟು ಜನರ ಉಸಿರನ್ನು ಹಿಡಿದು ನಿಲ್ಲಿಸಿ ಹೆಂಡತಿಗಾಗಿ ಕಾಯುವ ಗಂಡಸಿಗೆ ಏನೋ ಮುಚ್ಚಿಡುವುದಿದೆ ಎಂದು ಯಾರಿಗಾದರೂ ಹೊಳೆಯದಿರುತ್ತದೆಯೇ? ಹೊಳೆದೇ ಹೊಳೆಯುತ್ತದೆ ಎಂದು ಅವನಿಗನ್ನಿಸಿತು. ಪಾಯಸದಲ್ಲಿ ತಪ್ಪುವುದಕ್ಕೆ ಏನಿದೆ, ಹಾಲು, ಅಕ್ಕಿ, ಸಕ್ಕರೆ, ಮೇಲೆ ಚಕ್ಕೆ ಪುಡಿ, ಎಂದು ತನಗೆ ತಾನೇ ಹೇಳಿಕೊಂಡು ದೊಡ್ಡದೊಂದು ಚಮಚ ಬಾಯಿಗಿಟ್ಟ. ತಣ್ಣಗಿತ್ತು. ಮೃದುವಾಗಿತ್ತು. ಪುಡಿ ಸ್ವಲ್ಪ ತರಿತರಿ. ಕಣ್ಣು ಮುಚ್ಚಿದ. ಈ ಬಾರಿ ಊರು ಆರಿಸುವ ಕಷ್ಟವೂ ಇರಲಿಲ್ಲ.

"ಕಮಗ್ವೇ," ಎಂದ. ಕಣ್ಣು ತೆರೆದು, ಯಾರೂ ಅಲುಗಾಡದ್ದನ್ನು ಕಂಡು, ಇನ್ನೂ ಏನಾದರೂ ಬೇಕೇನೋ ಎನ್ನಿಸಿ ಸೇರಿಸಿದ: "ಚಕ್ಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಇಲ್ಲಿನವರು ಅಂಜಿ ಅಂಜಿ ಹಾಕ್ತಾರೆ. ಇದು ಹಾಕೋ ರೀತಿ. ಇಂಥದ್ದು ತಿಂದು ನನಗೆ ಒಂದು ಜನ್ಮ ಆಯ್ತು." ಅದು ನಿಜವೆಂದು ತೋರಿಸಲು ಬಟ್ಟಲನ್ನು ಖಾಲಿ ಮಾಡಿದ, ಅಂಚನ್ನೂ ಬಳಿದ.

ಇದಾಲ್ಮಿಸ್ ಗಲ್ಲಕ್ಕೆ ಕೈ ಹಚ್ಚಿಕೊಂಡು ಅತ್ತಳು. ಆಮೇಲೆ ಮೂಗೊರೆಸಿಕೊಂಡು, ಇವತ್ತು ಎಲ್ಲರಿಗೂ ಪಾಯಸ ತನ್ನ ಲೆಕ್ಕಕ್ಕೆ ಎಂದು ಮೇಜು ಮೇಜಿಗೂ ಬಟ್ಟಲು ಹಂಚಿದಳು. ಎವೆಲಿಯೊ ಕುರ್ಚಿಗೆ ಒರಗಿ, ಒಂದು ಒಳ್ಳೆಯ ಕೆಲಸ ಮಾಡಿದವನ ಆಯಾಸದಲ್ಲಿ, ಚಮಚಗಳು ಏಳುವುದನ್ನು ನೋಡಿದ. ಚಮಚಗಳು ಎದ್ದವು. ಬಾಯಿಗೆ ಹೋದವು. ಅಲ್ಲೇ ನಿಂತವು. ಕೆನ್ನೆ ಉಬ್ಬಿದ್ದವನ ಹೆಂಡತಿ ಗಂಡನ ಕಡೆ ಬಾಗಿ, ಪಿಸುದನಿಯಲ್ಲೇ, ಆದರೆ ಎವೆಲಿಯೊನ ಕಿವಿಗೆ ನೇರವಾಗಿ ಬಂದು ನಾಟುವಂತೆ, "ಇದು ಚಕ್ಕೆ ಅಲ್ಲ ಕಣೋ. ಜೀರಿಗೆ," ಎಂದಳು.

"ಸುಮ್ಮನಿರು," ಎಂದ ಗಂಡ. "ಅವರಿಗೆ ಗೊತ್ತಿಲ್ವಾ?"

ಜೀರಿಗೆ. ಪಾಯಸದ ಮೇಲೆ, ಒಂದು ಚಮಚದಷ್ಟು ಜೀರಿಗೆ ಪುಡಿ. ಎವೆಲಿಯೊಗೆ ಕಿವಿಯ ತುದಿಗಳು ಬಿಸಿಯಾದವು. ಚಿಕ್ಕವನಿದ್ದಾಗ ಇಗರ್ಜಿಯಲ್ಲಿ ಪಾದ್ರಿಯ ಮುಂದೆ ಮಂಡಿಯೂರಿದಾಗ ಚಡ್ಡಿ ಹರಿದ ಸದ್ದು ಇಡೀ ಇಗರ್ಜಿಗೆ ಕೇಳಿಸಿತ್ತು. ಯಾರೂ ನಗದೆ ಎಲ್ಲರೂ ಬಲಿಪೀಠವನ್ನೇ ನೋಡುತ್ತ ಕೂತಿದ್ದರು, ಹಾಗೆ ನಗದೆ ಕೂತದ್ದೇ ಅವನಿಗೆ ಹೆಚ್ಚು ಉರಿದಿತ್ತು. ಈಗಲೂ ಹಾಗೆಯೇ ಎಲ್ಲರೂ ಪಾಯಸದ ಬಟ್ಟಲನ್ನೇ ಭಕ್ತಿಯಿಂದ ನೋಡುತ್ತಿದ್ದರು. ಏಳಬೇಕು, ಎದ್ದು ನಿಂತು, ಮಹನೀಯರೇ, ನನಗೆ ನಾಲಿಗೆಯಿಲ್ಲ, ಎನ್ನಬೇಕು. ಅವನು ಏಳಲಿಲ್ಲ. ಬದಲಿಗೆ ಪ್ರಿಮಿತಿವೊ ಗಂಟಲು ಸರಿಮಾಡಿಕೊಂಡರು.

"ಕಮಗ್ವೇಯ ಹಳ್ಳಿಗಳ ಕಡೆ," ಎಂದರು ನಿಧಾನವಾಗಿ, ಎರಡನೆಯ ಚಮಚ ನುಂಗುತ್ತ, "ಹಿಂದಿನವರು ಜೀರಿಗೇನೇ ಹಾಕ್ತಿದ್ದರು. ಚಕ್ಕೆ ಆಮೇಲೆ ಬಂತು. ಪೇಟೆ ಶೋಕಿ. ನಮ್ಮ ಸೋದರತ್ತೆ ಹಾಕ್ತಿದ್ದದ್ದು ನನಗೆ ಈಗ ಕಣ್ಣಿಗೆ ಕಟ್ಟಿದ ಹಾಗಿದೆ." ಹೇಳುತ್ತ ಹೇಳುತ್ತ ಅವರಿಗೆ ನಿಜಕ್ಕೂ ಕಣ್ಣಿಗೆ ಕಟ್ಟಿತೆಂದು ತೋರುತ್ತದೆ, ಕಣ್ಣು ಒದ್ದೆಯಾಯಿತು. "ಹೌದು ಹೌದು, ಹೊಟ್ಟೆಗೂ ಒಳ್ಳೇದು," ಎಂದು ಇನ್ನೊಂದು ಮೇಜಿನಿಂದ ಯಾರೋ ಅಂದರು. ಜೀರಿಗೆ ಎಂದು ಮೊದಲು ಕಂಡುಹಿಡಿದ ಹೆಂಗಸು ಕೂಡ, ತನ್ನ ಅಜ್ಜಿಯ ಊರು ಅಲ್ಲಿಗೆ ಹತ್ತಿರವೆಂದೂ ಯೋಚನೆ ಮಾಡಿದರೆ ನೆನಪಾಗುವಂತಿದೆಯೆಂದೂ ಒಪ್ಪಿಕೊಂಡಳು. ಈ ಗದ್ದಲಕ್ಕೆ ಅನುಮಾನ ಬಂದು ಇದಾಲ್ಮಿಸ್ ಗಲ್ಲಾದ ಮರೆಯಲ್ಲಿ ಬೆರಳದ್ದಿ ನೆಕ್ಕಿದಳು. ಮುಖ ಬಿಳಿಚಿಕೊಂಡಿತು. ತಿರುಗಿ ಗಂಡನನ್ನು ನೋಡಿದಳು. ರೊಸೆಂದೊ ಬಾಗಿಲಲ್ಲಿರಲಿಲ್ಲ.

ಆಗ ಸೊರಾಯ್ದ ಒಳಗೆ ಬಂದಳು. "ತಂಗಿ ಗಂಡನಿಗೆ ಮತ್ತೆ ಸೊಂಟ ಹಿಡ್ಕೊಂಡಿದೆಯಂತೆ," ಎನ್ನುತ್ತ ಕೂತು, ತನ್ನ ಪಾಲಿನ ಬಟ್ಟಲು ಎಳೆದುಕೊಂಡು, ತಡೆಯಲು ಅವನು ಕೈ ಚಾಚುವುದರೊಳಗೆ ಒಂದು ಚಮಚ ತಿಂದಳು. ಎಡಹುಬ್ಬು ಅವನು ಎಂದೂ ಕಾಣದ ಜಾಗಕ್ಕೆ ಹೋಯಿತು. "ಯಾರಪ್ಪಾ ಇದು, ಪಾಯಸಕ್ಕೆ," ಎಂದು ಶುರು ಮಾಡಿದವಳು ಸುತ್ತಲೂ ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಪ್ರಿಮಿತಿವೊ ಹೆಮ್ಮೆಯಿಂದ, "ನಿಮ್ಮ ಯಜಮಾನರು ಬಟ್ಟಲು ಬಳಿದು ತಿಂದರು ಸೆನ್ಯೋರ. ಇಂಥ ಚಕ್ಕೆ ತಿಂದು ಒಂದು ಜನ್ಮ ಆಯ್ತು ಅಂದ್ರು. ತಮಾಷೆಗೆ ಚಕ್ಕೆ ಅಂದಿದ್ದು. ಜೀರಿಗೆ ಅಂತ ನಾವು ಕಂಡುಹಿಡೀತೀವೋ ಇಲ್ವೋ ಅಂತ," ಎಂದರು.

ಸೊರಾಯ್ದ ಗಂಡನ ಖಾಲಿ ಬಟ್ಟಲನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಎವೆಲಿಯೊ ಮೇಜಿನ ಪ್ಲಾಸ್ಟಿಕ್ಕಿನ ಮೇಲೆ ಮುದ್ರಿಸಿದ್ದ ಅನಾನಸನ್ನು ಬೆರಳಿನಿಂದ ತಿದ್ದುತ್ತಿದ್ದ. ಅವಳು ನೋಡಿದ್ದು ಎಷ್ಟು ಹೊತ್ತೋ, ಅವನಿಗಂತೂ ಆ ಹೊತ್ತಿನಲ್ಲಿ ಮನೆಯ ಅಡುಗೆಕೋಣೆಯ ಹಾಡುಗಳೆಲ್ಲ ಒಂದೊಂದಾಗಿ ಆರುತ್ತಿರುವುದು ಕೇಳಿಸಿತು. ಅವಳು ಇನ್ನೊಂದು ಚಮಚ ಬಾಯಿಗಿಟ್ಟಳು. ಕಷ್ಟಪಟ್ಟು ನುಂಗಿದಳು.

"ನಮ್ಮತ್ತೆಯವರೂ ಹೀಗೇ ಮಾಡ್ತಿದ್ದರು," ಎಂದಳು ಎಲ್ಲರಿಗೂ ಕೇಳಿಸುವಂತೆ. "ಕೈಗೆ ಯಾವ ಡಬ್ಬ ಸಿಗ್ತದೋ ಅದನ್ನ ಹಾಕೋರು. ಮಗನಿಗೆ ಅದೇ ರೂಢಿ."

ನಗೆ ಎದ್ದಿತು. ಹೊರಡುವಾಗ ಇದಾಲ್ಮಿಸ್ ಬಾಗಿಲವರೆಗೆ ಬಂದು ಎವೆಲಿಯೊನ ಕೈಯನ್ನು ತನ್ನೆರಡು ಕೈಗಳ ನಡುವೆ ಹಿಡಿದುಕೊಂಡಳು. "ನನಗೆ ಗೊತ್ತಾಯ್ತು ಡೊನ್ ಎವೆಲಿಯೊ. ಚಕ್ಕೆ, ಜೀರಿಗೆ ಎರಡೂ ಡಬ್ಬ ಒಂದೇ ಥರ ಇವೆ, ಇವರ ಕೈ ಬೇರೆ ನಡುಗ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಉಗುಳಿ ಎದ್ದು ಹೋಗ್ತಿದ್ದರು. ನೀವು ಪೂರ್ತಿ ತಿಂದ್ರಿ. ನಮ್ಮ ಮಾನ ಉಳಿಸಿದ್ರಿ. ಇಂಥ ದೊಡ್ಡ ಮನಸ್ಸು ನಾನು ಕಂಡಿಲ್ಲ," ಎಂದು ಪಿಸುಗುಟ್ಟಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಹಿಂದಿರುಗಿ ನೋಡಿ, "ಆದರೆ ಈಗ ಏನು ಮಾಡ್ಲಿ? ಡೊನ್ ಪ್ರಿಮಿತಿವೊ ಮನೆಗೆ ಅಂತ ಒಂದು ಡಬ್ಬ ಪಾಯಸ ಕಟ್ಟಿಸ್ಕೊಂಡ್ರು. ಭಾನುವಾರ ಎಂಟು ಜನ ಬರ್ತೀವಿ, ಜೀರಿಗೇದೇ ಆಗ್ಬೇಕು ಅಂತಿದಾರೆ," ಎಂದಳು.

"ಮಾಡಿಕೊಡಿ," ಎಂದಳು ಸೊರಾಯ್ದ, ಕಾರಿನ ಬೀಗ ತೆಗೆಯುತ್ತ. "ಸ್ವಲ್ಪ ಕಡಿಮೆ ಹಾಕಿ. ಮಾಂಸ ಮಾತ್ರ ಚೆನ್ನಾಗಿತ್ತು ಕಣಮ್ಮ, ನಿಜವಾಗ್ಲೂ." ಕೊನೆಯ ಶಬ್ದವನ್ನು ಅವಳು ಗಂಡನ ಕಡೆ ತಿರುಗಿ ಹೇಳಿದಳು.

ಅವಳೇ ಕಾರು ಓಡಿಸಿದಳು. ಒಂದು ಕೆಂಪುದೀಪದಲ್ಲಿ ನಿಂತಾಗ, ಮುಂದಿನ ರಸ್ತೆಯನ್ನೇ ನೋಡುತ್ತ, "ಯಾವಾಗಿನಿಂದ?" ಎಂದಳು.

"ಜ್ವರ ಬಂದಾಗಿನಿಂದ."

"ಪೂರ್ತಿ?"

"ಬಿಸಿ, ತಣ್ಣಗೆ ಗೊತ್ತಾಗುತ್ತೆ. ಮೆತ್ತಗೆ, ಗಟ್ಟಿ ಗೊತ್ತಾಗುತ್ತೆ."

"ಡಾಕ್ಟರು?"

"ವಾಪಸ್ ಬಂದರೂ ಬರಬಹುದು ಅಂದ್ರು."

"ಅಂದರೆ ಡಾಕ್ಟರಿಗೆ ಹೇಳಿದೀಯ." ದೀಪ ಹಸಿರಾಯಿತು. ಹಿಂದಿನವನು ಹಾರ್ನ್ ಬಾರಿಸಿದ. ಅವಳು ಅವನಿಗೆ ಕಿಟಕಿಯಿಂದ ಕೈಬೀಸಿ ಏನೋ ಅಂದು, ನಿಧಾನವಾಗಿ ಕಾರು ಬಿಟ್ಟಳು. "ನಿನ್ನ ಬಿ.ಪಿ.ಗೋಸ್ಕರ ಅಂತ ನಾನು ಅಡುಗೆಗೆ ಉಪ್ಪು ಹಾಕೋದು ಬಿಟ್ಟು ಎಷ್ಟು ಕಾಲ ಆಯ್ತು ಗೊತ್ತಾ? ಹೇಳಿದ್ರೆ ಹಟ ಮಾಡ್ತಾನೆ ಅಂತ ಹೇಳಲಿಲ್ಲ. ಗೊಣಗದೆ ತಿಂತಿದಾನಲ್ಲ ಅಂತ ಇಗರ್ಜಿಗೆ ಹೋಗಿ ಮಾತೆಗೆ ಮೇಣದಬತ್ತಿ ಹಚ್ಚಿ ಬಂದೆ. ನಾನು ಮಾತ್ರ ಅಡುಗೆಮನೇಲಿ ನಿಂತ್ಕೊಂಡು, ಕಳ್ಳಿ ಥರ, ನನ್ನ ತಟ್ಟೆಗೆ ಉಪ್ಪು ಉದುರಿಸ್ಕೊಂಡು ಬರ್ತಿದ್ದೆ."

ಎವೆಲಿಯೊಗೆ ನಗು ಬಂತು. ತಡೆದರೂ ಮೂಗಿನಿಂದ ಬಂತು.

"ನಗಬೇಡ. ನನಗಿನ್ನೂ ಕೋಪ ಇದೆ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಬೇರೆಯೇ ದನಿಯಲ್ಲಿ, "ಹಾಗಾದರೆ ನೀನು ಹೊಗಳಿದ್ದು ಯಾವುದೂ ನಿಜ ಅಲ್ಲ," ಎಂದಳು.

ಅವನಿಗೆ ರೇಡಿಯೋದಲ್ಲಿ ಬರುವಂಥ ಮಾತುಗಳು ಸಾಲುಗಟ್ಟಿ ಬಂದವು. ಅವನ್ನೆಲ್ಲ ಬದಿಗೆ ಸರಿಸಿದ. ಸರಿಸಿದ ಮೇಲೆ ಹೆಚ್ಚೇನೂ ಉಳಿಯಲಿಲ್ಲ. "ಗುರುವಾರ ಪಾತ್ರೆ ತಳದ ಅನ್ನ ಕೆರೆದು ಹಾಕಿದೆಯಲ್ಲ, ಅದು ಕರಕರ ಅಂತಿತ್ತು," ಎಂದ. "ಅದು ಸುಳ್ಳಲ್ಲ."

"ಸೀದುಹೋಗಿತ್ತು ಅದು."

"ನನಗೆ ಕರಕರ ಅಂತಿತ್ತು. ಇನ್ನೊಂದು ಸಲ ಆ ಸದ್ದು ಕೇಳಬೇಕು ಅನ್ನಿಸ್ತು. ಆಮೇಲೆ ನೀನು ಹಾಡ್ತಾ ಇದ್ದೆ. ಅದಕ್ಕೇ ರುಚಿ ಹೋಗಿರೋದು ಹೇಳಲಿಲ್ಲ."

ಸೊರಾಯ್ದ ಮನೆಯ ತಿರುವು ಬಂದಾಗ ತಿರುಗದೆ ನೇರ ಹೋದಳು. ಮುಂದಿನ ಮೂಲೆಯಲ್ಲಿ ಒಂದು ಬೇಕರಿ, ಬೀದಿಗೆ ತೆರೆದ ಅದರ ಕಿಟಕಿಯ ಮುಂದೆ ನಾಲ್ಕಾರು ಜನ ನಿಂತು ಕಾಫಿ ಕುಡಿಯುತ್ತಿದ್ದರು. ಅಲ್ಲಿ ಕಾರು ನಿಲ್ಲಿಸಿ, "ಆ ಜೀರಿಗೆ ಇನ್ನೂ ಗಂಟಲಲ್ಲೇ ಇದೆ. ಏನಾದರೂ ತಿನ್ನದೆ ಇದ್ದರೆ ನಿನ್ನ ಜೊತೆ ಸರಿಯಾಗಿ ಜಗಳ ಆಡೋಕೂ ಆಗಲ್ಲ," ಎಂದು ಇಳಿದಳು. ಕಿಟಕಿಯ ಹುಡುಗಿ, "ಏನು ಕೊಡ್ಲಿ ಬಂಗಾರ?" ಎಂದಳು. ಸೊರಾಯ್ದ ಸೀಬೆಹಣ್ಣಿನ ಪಾಕ ತುಂಬಿದ ಪಫ್ ಒಂದೇ ಒಂದು ಕೇಳಿದಳು. ಒಂದೇ ಒಂದು ಎಂದದ್ದು ಅವನಿಗೆ ಚುಚ್ಚಿತು, ಆದರೆ ನ್ಯಾಯವೆನ್ನಿಸಿತು. ಅವಳು ಗೋಡೆಯ ನೆರಳಿಗೆ ಸರಿದು ಕಾಗದ ಬಿಡಿಸಿ ಕಚ್ಚಿದಳು. ಪದರಗಳು ಮುರಿದ ಸದ್ದು ಕೇಳಿಸಿತು, ಚೂರುಗಳು ಅವಳ ಎದೆಯ ಮೇಲೆ ಉದುರಿದವು, ಒಳಗಿನ ಕೆಂಪು ಪಾಕ ಬಿಸಿಯಿತ್ತೆಂದು ಕಾಣುತ್ತದೆ, ತುಟಿ ಸುಟ್ಟವಳಂತೆ ಗಾಳಿ ಎಳೆದುಕೊಂಡಳು. ಎವೆಲಿಯೊ ನೋಡುತ್ತ ನಿಂತ. ಅವಳ ಮುಖದಲ್ಲಿ ತಾನು ಸೋಮವಾರಕ್ಕೆ ಬೇಕಾದದ್ದನ್ನು ಹುಡುಕುತ್ತಿಲ್ಲವೆಂದು ತಡವಾಗಿ ಹೊಳೆಯಿತು. ಅವಳಿಗೆ ಹೇಗನ್ನಿಸಿತೆಂದು ಅವನಿಗೆ ತಿಳಿಯಬೇಕಾಗಿತ್ತು, ಅಷ್ಟೆ.

"ಹೇಗಿದೆ?" ಎಂದು ಕೇಳಿದ. ಇಷ್ಟು ವರ್ಷ ಎಲ್ಲರೂ ಅವನನ್ನು ಕೇಳಿದ ಮಾತು ಅದು; ಅವನು ಯಾರನ್ನೂ ಕೇಳಿರಲಿಲ್ಲ.

ಸೊರಾಯ್ದ ಬೆರಳೆತ್ತಿ ತಡೆದಳು. ನಿಧಾನವಾಗಿ ಅಗಿದಳು, ನುಂಗಿದಳು, ತುಟಿಯಂಚಿನ ಪಾಕವನ್ನು ನಾಲಿಗೆಯಿಂದ ಸವರಿಕೊಂಡಳು.

"ಇರು," ಎಂದು ಇನ್ನೊಂದು ತುಂಡು ಕಚ್ಚಿದಳು.